ದೇಶಕ್ಕೆ ದೇಶವೇ ಡಿಜಿಟಲ್ ನಂಬರ್ ಪ್ಲೇಟ್‌ಗೆ ಬದಲಾದರೆ ಲಾಭ ಯಾರಿಗೆ?

ಮೂರನೇಗೇರು:
ಒಂದು ವಾರದಿಂದ ಈ ಪ್ರಶ್ನೆ ತಲೆ ತಿನ್ನುತ್ತಿದೆ, ಅದಕ್ಕೇ ಇಲ್ಲಿ ಹಾಕುತ್ತಿದ್ದೇನೆ. ದುಡ್ಡು ಡಿಜಿಟಲ್ ಆಯಿತು, ಟಿಕೆಟ್ ಡಿಜಿಟಲ್ ಆಯಿತು. ಗಾಡಿಯ ಹಿಂದೆ ಮಾತ್ರ ಇನ್ನೂ ತಗಡಿನ ಮೇಲೆ ಒತ್ತಿದ ಅಕ್ಷರ. ಒಂದು ಸರ್ಕಾರ "ಇಂಥ ತಾರೀಖಿನಿಂದ ಎಲ್ಲ ಗಾಡಿಗೂ ಪರದೆಯ ಪ್ಲೇಟ್" ಅಂತ ಹೇಳಿಬಿಟ್ಟರೆ ಏನಾಗಬಹುದು?

ನನಗಂತೂ ಲಾಭವೇ ಜಾಸ್ತಿ ಕಾಣುತ್ತದೆ. ಗಾಡಿ ಕಳುವಾದರೆ ಪ್ಲೇಟ್ ಮೇಲೆ "ಕದ್ದ ಗಾಡಿ" ಅಂತ ಬರೆಸಬಹುದು. ನೋಂದಣಿ ಅವಧಿ ಮುಗಿದರೆ ಪ್ಲೇಟೇ ಹೇಳುತ್ತದೆ. ನಂಬರ್ ಬದಲಾದರೆ ಹೊಸ ತಗಡು ಮಾಡಿಸುವ ಗೋಜಿಲ್ಲ. ನಕಲಿ ಪ್ಲೇಟ್ ಕಾಟವೂ ತಪ್ಪುತ್ತದೆ.

ಇದೇನು ಕನಸಿನ ಮಾತಲ್ಲ. ಕ್ಯಾಲಿಫೋರ್ನಿಯಾದಲ್ಲಿ ರಿವೈವರ್ ಅನ್ನೋ ಕಂಪನಿಯ ಪ್ಲೇಟ್‌ಗಳು 2018ರಲ್ಲೇ ಪ್ರಯೋಗಕ್ಕೆ ರಸ್ತೆಗಿಳಿದವು. 2022ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಗವರ್ನರ್ ಗ್ಯಾವಿನ್ ನ್ಯೂಸಮ್ ಎಬಿ 984 ಅನ್ನೋ ಕಾನೂನಿಗೆ ಸಹಿ ಹಾಕಿ ಎಲ್ಲರಿಗೂ ಅವಕಾಶ ಕೊಟ್ಟರು. ಅರಿಜೋನಾ, ಮಿಷಿಗನ್‌ನಲ್ಲೂ ಬಂತು. ದುಬೈ ಕೂಡ 2018ರಲ್ಲಿ ಪ್ರಯೋಗ ಮಾಡುತ್ತೇವೆ ಅಂತ ಹೇಳಿತ್ತು.

ಬೇಡ ಅನ್ನುವವರು ಕಾರಣ ಕೊಡಿ. "ಹಳೇದೇ ಚೆನ್ನಾಗಿತ್ತು" ಅನ್ನೋದು ಕಾರಣ ಅಲ್ಲ.

ಹಳೇಸ್ಪ್ಯಾನರ್:
ಪ್ಲೇಟ್ ಗಾಡಿಯಲ್ಲಿ ಎಲ್ಲಿದೆ ಅಂತ ಒಮ್ಮೆ ಬಗ್ಗಿ ನೋಡಿ ಸ್ವಾಮಿ. ಇಡೀ ಗಾಡಿಯಲ್ಲಿ ಅತಿ ಹೆಚ್ಚು ಏಟು ತಿನ್ನುವ ಜಾಗ ಅದು. ಚಕ್ರ ಎರಚುವ ಕೆಸರು, ಜಲ್ಲಿ ಕಲ್ಲು, ತೊಳೆಯುವವರ ಪ್ರೆಶರ್ ಪೈಪು, ರಿವರ್ಸ್ ತೆಗೆಯುವಾಗ ಕಂಬ. ಎಲ್ಲ ಅಲ್ಲಿಗೇ. ತಗಡು ಮಡಚಿದರೆ ಮಂಡಿ ಮೇಲಿಟ್ಟು ಒತ್ತಿ ನೆಟ್ಟಗೆ ಮಾಡಿ ಮತ್ತೆ ಹಾಕುತ್ತೇವೆ, ಎರಡು ನಿಮಿಷದ ಕೆಲಸ. ಪರದೆ ಒಡೆದರೆ ಮಂಡಿಯಲ್ಲಿ ಆಗುತ್ತಾ?

ಇನ್ನೊಂದು ಮಾತು. ನನ್ನ ಹತ್ತಿರ ಇಪ್ಪತ್ತು ವರ್ಷದ ಗಾಡಿಗಳು ಬರುತ್ತವೆ. ಬಣ್ಣ ಹೋಗಿದೆ, ಸೀಟು ಹರಿದಿದೆ, ಪ್ಲೇಟ್ ಮಾತ್ರ ಗುಂಡುಕಲ್ಲಿನ ಹಾಗಿದೆ. ಇಪ್ಪತ್ತು ವರ್ಷ ಬಾಳಿದ ಪರದೆ ಯಾರ ಮನೆಯಲ್ಲಿದೆ ತೋರಿಸಿ.

ಮೂರನೇಗೇರು:
ಇದು ಫೋನಿನ ಪರದೆ ಅಲ್ಲ. ಇ-ಇಂಕ್. ಪುಸ್ತಕ ಓದುವ ಸಾಧನದಲ್ಲಿ ಇರುತ್ತಲ್ಲ, ಅದು. ಬಿಸಿಲಲ್ಲೂ ಚೆನ್ನಾಗಿ ಕಾಣುತ್ತದೆ, ಕರೆಂಟ್ ಬೇಕಾಗುವುದೇ ಇಲ್ಲ ಅನ್ನುವಷ್ಟು ಕಮ್ಮಿ.

ಇಂಕುಮಸಿ:
ಇ-ಇಂಕ್ ಬಗ್ಗೆ ನಾನು ಮಾತಾಡಬಹುದು. ಅಂಗಡಿಗಳ ಕಪಾಟಿನಲ್ಲಿ ಬೆಲೆ ತೋರಿಸುವ ಪುಟ್ಟ ಎಲೆಕ್ಟ್ರಾನಿಕ್ ಚೀಟಿಗಳು ಬರುತ್ತವಲ್ಲ, ಆರು ವರ್ಷ ಅದರದ್ದೇ ಕೆಲಸ ಮಾಡಿದ್ದೇನೆ.

ಒಳಗೆ ಏನಿದೆ ಅಂದರೆ, ಕೂದಲೆಳೆಯಷ್ಟು ದಪ್ಪದ ಗುಳಿಗೆಗಳು. ಪ್ರತಿ ಗುಳಿಗೆಯಲ್ಲಿ ಕಪ್ಪು ಕಣ, ಬಿಳಿ ಕಣ ಎಣ್ಣೆಯಂಥ ದ್ರವದಲ್ಲಿ ತೇಲುತ್ತಿರುತ್ತವೆ. ಒಂದಕ್ಕೆ ಪ್ಲಸ್ ಚಾರ್ಜ್, ಇನ್ನೊಂದಕ್ಕೆ ಮೈನಸ್. ವೋಲ್ಟೇಜ್ ಕೊಟ್ಟರೆ ಒಂದು ಬಣ್ಣ ಮೇಲೆ ಬರುತ್ತದೆ, ಇನ್ನೊಂದು ಕೆಳಗೆ ಹೋಗುತ್ತದೆ. ಆಮೇಲೆ ಕರೆಂಟ್ ತೆಗೆದರೂ ಅವು ಅಲ್ಲೇ ಕೂತಿರುತ್ತವೆ. ಬದಲಾಯಿಸುವಾಗ ಮಾತ್ರ ಶಕ್ತಿ ಬೇಕು. ಮೂರನೇಗೇರು ಹೇಳಿದ್ದು ಸರಿ.

ಆದರೆ ಈ ಒಳ್ಳೆಯ ಗುಣವೇ ಪ್ಲೇಟ್‌ಗೆ ಬಂದಾಗ ತಿರುಗಿ ಬೀಳುತ್ತದೆ. ಬ್ಯಾಟರಿ ಸತ್ತ ಚೀಟಿ ಖಾಲಿ ಆಗುವುದಿಲ್ಲ. ಸಾಯುವ ಮುಂಚೆ ಏನು ತೋರಿಸುತ್ತಿತ್ತೋ ಅದನ್ನೇ ತೋರಿಸುತ್ತಾ ಕೂತಿರುತ್ತದೆ. ನನ್ನ ಮೇಜಿನ ಡ್ರಾಯರ್‌ನಲ್ಲಿ ಅಂಥದ್ದೊಂದು ಇದೆ. ಹಿಂದಿನ ಮುಚ್ಚಳ ಇಲ್ಲ, ಬ್ಯಾಟರಿಯೂ ಇಲ್ಲ, ಆದರೂ "ಇಂದು ಮಾತ್ರ ರಿಯಾಯಿತಿ" ಅಂತ ಅಚ್ಚುಕಟ್ಟಾಗಿ ತೋರಿಸುತ್ತಿದೆ. ಆ "ಇಂದು" ಯಾವತ್ತೋ ಮುಗಿದಿದೆ.

ಈಗ ಪ್ಲೇಟ್ ಯೋಚಿಸಿ. "ಕದ್ದ ಗಾಡಿ" ಅಂತ ಸಂದೇಶ ಕಳಿಸಿದಿರಿ. ಕಳ್ಳ ಅದಕ್ಕೆ ಮುಂಚೆಯೇ ಆಂಟೆನಾಗೆ ಒಂದು ತಗಡು ಮುಚ್ಚಿದ್ದಾನೆ, ಅಥವಾ ಬ್ಯಾಟರಿ ಕಿತ್ತಿದ್ದಾನೆ. ಪ್ಲೇಟ್ ಏನು ತೋರಿಸುತ್ತದೆ? ನಿನ್ನೆಯ ನಂಬರ್, "ಎಲ್ಲ ಸರಿ ಇದೆ" ಅನ್ನೋ ಮುಖ ಹೊತ್ತುಕೊಂಡು. ಚಳಿಯ ವಿಷಯ ಬೇರೆ. ಸಾಮಾನ್ಯ ಇ-ಇಂಕ್ ಪರದೆ 0ಯಿಂದ 50 ಡಿಗ್ರಿ ಸೆಲ್ಸಿಯಸ್ ಒಳಗೆ ಬಳಸಲು ಮಾಡಿದ್ದು. ಅದರ ಆಚೆಗೆ ಬೇರೆ ಜಾತಿಯ ಪರದೆ ಬೇಕು. ಸಿಗುತ್ತದೆ, ಬೆಲೆ ಜಾಸ್ತಿ.

ಹಿಂದಿನಸೀಟು:
"ಇಂದು ಮಾತ್ರ ರಿಯಾಯಿತಿ" 😂 ಆ ಚೀಟಿಯನ್ನು ಎಸೆಯಬೇಡಿ ದಯವಿಟ್ಟು.

ಕ್ಯಾಮೆರಾಕಣ್ಣು:
ಎಲ್ಲರೂ ಪ್ಲೇಟ್ ಅಂದರೆ ಮನುಷ್ಯ ಓದುವುದು ಅಂದುಕೊಂಡು ಮಾತಾಡುತ್ತಿದ್ದೀರಿ. ಈಗ ಪ್ಲೇಟ್‌ನ ಮುಖ್ಯ ಓದುಗ ಕ್ಯಾಮೆರಾ. ನಂಬರ್ ಓದುವ ಕ್ಯಾಮೆರಾಗಳ ಸಾಫ್ಟ್‌ವೇರ್ ಪರೀಕ್ಷೆ ಮಾಡುವುದೇ ನನ್ನ ಹೊಟ್ಟೆಪಾಡು, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರಾಗಬೇಡಿ.

ರಾತ್ರಿ ಈ ಕ್ಯಾಮೆರಾ ತೆಗೆದ ಚಿತ್ರ ನೋಡಿದ್ದೀರಾ? ಗಾಡಿಯೇ ಕಾಣುವುದಿಲ್ಲ. ಇಡೀ ಚಿತ್ರ ಕಪ್ಪು, ನಡುವೆ ಒಂದು ಪ್ಲೇಟ್ ಮಾತ್ರ ಬೆಳ್ಳಗೆ ತೇಲುತ್ತಿರುತ್ತದೆ. ಇದು ಹೇಗೆ ಅಂದರೆ, ಕ್ಯಾಮೆರಾ ಪಕ್ಕದಲ್ಲಿ ಇನ್‌ಫ್ರಾರೆಡ್ ದೀಪ ಇರುತ್ತದೆ, ನಮ್ಮ ಕಣ್ಣಿಗೆ ಕಾಣದ ಬೆಳಕು. ತಗಡಿನ ಪ್ಲೇಟ್ ಮೇಲೆ ಅಂಟಿಸಿದ ಹೊಳೆಯುವ ಹಾಳೆಗೆ ಒಂದು ವಿಶೇಷ ಗುಣ. ಬೆಳಕು ಯಾವ ಕಡೆಯಿಂದ ಬಂತೋ ಅದೇ ಕಡೆಗೆ ವಾಪಸ್ ಕಳಿಸುತ್ತದೆ. ಹಾಗಾಗಿ ಶಟರ್ ಸೆಕೆಂಡಿನ ಸಾವಿರದ ಒಂದು ಭಾಗ ಮಾತ್ರ ತೆರೆದರೂ ಅಕ್ಷರ ಕಡೆದಿಟ್ಟ ಹಾಗೆ ಬರುತ್ತದೆ.

ಇ-ಇಂಕ್ ಕಾಗದದ ಹಾಗೆ. ಬೆಳಕನ್ನು ಎಲ್ಲ ಕಡೆ ಚೆಲ್ಲುತ್ತದೆ. ಒಮ್ಮೆ ಕುತೂಹಲಕ್ಕೆ ನಾವು ಒಂದು ಹಳೇ ಓದುವ ಸಾಧನವನ್ನು ತಗಡಿನ ಪ್ಲೇಟ್ ಪಕ್ಕ ನಿಲ್ಲಿಸಿ ಅದೇ ಕ್ಯಾಮೆರಾದಲ್ಲಿ ತೆಗೆದೆವು. ಪ್ಲೇಟ್ ಹಗಲಿನ ಹಾಗೆ ಬೆಳಗಿತು. ಪರದೆ ಇದ್ದ ಜಾಗದಲ್ಲಿ ಬೂದು ಮಚ್ಚೆ, ಅದೂ ನಾವು ಹುಡುಕಿದ ಮೇಲೆ. ಅಂದರೆ ದೇಶಕ್ಕೆ ದೇಶವೇ ಬದಲಾದರೆ ಪ್ಲೇಟ್ ಮಾತ್ರ ಬದಲಾದರೆ ಸಾಲದು. ರಸ್ತೆ ಮೇಲಿನ ಕ್ಯಾಮೆರಾ, ದೀಪ, ಸಾಫ್ಟ್‌ವೇರ್ ಎಲ್ಲ ಮತ್ತೆ ಹೊಂದಿಸಬೇಕು. ಈ ಖರ್ಚು ಯಾರ ಲೆಕ್ಕದಲ್ಲೂ ಕಾಣುವುದಿಲ್ಲ.

ಅಂದ ಹಾಗೆ, ತಗಡು ಪೆದ್ದು ವಸ್ತು ಅಂದುಕೊಳ್ಳಬೇಡಿ. ಜರ್ಮನಿಯವರು ಪ್ಲೇಟ್‌ಗೆ ಅಂತಲೇ ಒಂದು ಅಕ್ಷರ ಶೈಲಿ ಮಾಡಿದರು, ಕಾರ್ಲ್‌ಗೇಯೊರ್ಗ್ ಹೋಫರ್ ಅನ್ನುವ ವಿನ್ಯಾಸಕಾರನ ಕೈಯಲ್ಲಿ. ಮೊದಲು ಕಪ್ಪು ಟೇಪ್ ಒಂದು ತುಂಡು ಅಂಟಿಸಿ 3 ಅನ್ನು 8 ಮಾಡುತ್ತಿದ್ದರು, ಪಿ ಅನ್ನು ಆರ್ ಮಾಡುತ್ತಿದ್ದರು. ಹೊಸ ಶೈಲಿಯಲ್ಲಿ ಪ್ರತಿ ಅಕ್ಷರವೂ ಬೇಕಂತಲೇ ವಕ್ರ. ನೋಡೋಕೆ ಚಂದ ಇಲ್ಲ, ಆದರೆ ಟೇಪ್ ಅಂಟಿಸಿದರೆ ತಕ್ಷಣ ಗೊತ್ತಾಗುತ್ತದೆ. 2000ದಲ್ಲಿ ಕಡ್ಡಾಯ ಮಾಡಿದರು. ಬ್ಯಾಟರಿ ಇಲ್ಲದ ಸೆಕ್ಯುರಿಟಿ ಅಂದರೆ ಅದು.

ಮೂರನೇಗೇರು:
ಹೊಳೆಯುವ ಹಾಳೆಯ ವಿಷಯ ನನಗೆ ಗೊತ್ತಿರಲಿಲ್ಲ, ಒಪ್ಪಿದೆ. ಆದರೆ ಕ್ಯಾಲಿಫೋರ್ನಿಯಾದಲ್ಲಿ ಓಡಾಡುತ್ತಿವೆಯಲ್ಲ?

ಕ್ಯಾಮೆರಾಕಣ್ಣು:
ಓಡಾಡುತ್ತಿವೆ. ಹಿಂದೆ ಮಾತ್ರ. ಮುಂದುಗಡೆ ಈಗಲೂ ಅದೇ ತಗಡು. 🙂

ನಿಧಾನಿ:
ನಾನು ಸಾಮಾನ್ಯವಾಗಿ ಓದಿಕೊಂಡು ಸುಮ್ನೆ ಇರುವವಳು. ನಕಲಿ ಪ್ಲೇಟ್ ಮಾತು ಬಂತಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಒಂದು ದಿನ ನನಗೆ ಅತಿವೇಗದ ದಂಡದ ನೋಟಿಸ್ ಬಂತು. ಆ ದಿನ ನನ್ನ ಕಾರು ಗ್ಯಾರೇಜ್‌ನಲ್ಲಿ ಇಂಜಿನ್ ಬಿಚ್ಚಿಕೊಂಡು ಮಲಗಿತ್ತು. ಚಿತ್ರ ತರಿಸಿ ನೋಡಿದರೆ ಅದೇ ಕಂಪನಿ, ಅದೇ ಮಾಡೆಲ್, ಅದೇ ಬಣ್ಣ, ಅದೇ ನಂಬರ್. ಎರಡು ವಾರಕ್ಕೆ ಇನ್ನೊಂದು ನೋಟಿಸ್. ಆಮೇಲೆ ಮೂರನೆಯದು. ಕೋತಿ ತಾನು ತಿಂದು ಮೇಕೆ ಬಾಯಿಗೆ ಒರೆಸಿದ ಹಾಗೆ, ಯಾರೋ ಓಡಿಸುತ್ತಿದ್ದರು, ನಾನು ಕಟ್ಟಬೇಕಿತ್ತು.

ಕೊನೆಗೆ ನನ್ನನ್ನು ಕಾಪಾಡಿದ್ದು ಏನು ಗೊತ್ತಾ? ಪ್ಲೇಟ್‌ನ ಬೋಲ್ಟ್. ನನ್ನ ಕಾರಿನಲ್ಲಿ ಎಡಗಡೆ ಬೋಲ್ಟ್ ಕಳೆದುಹೋಗಿ, ಮೆಕ್ಯಾನಿಕ್ ಹಿತ್ತಾಳೆಯದ್ದೊಂದು ಹಾಕಿದ್ದ. ಹಳದಿ ಚುಕ್ಕೆ ಹಾಗೆ ಕಾಣುತ್ತಿತ್ತು. ಹಳೇ ಫೋಟೋಗಳಲ್ಲೆಲ್ಲ ಇತ್ತು. ನೋಟಿಸ್ ಚಿತ್ರದಲ್ಲಿ ಎರಡೂ ಬೋಲ್ಟ್ ಬಿಳಿ. ಅದನ್ನು ದೊಡ್ಡದು ಮಾಡಿ ಪ್ರಿಂಟ್ ತೆಗೆದು, ಗ್ಯಾರೇಜ್ ಬಿಲ್ ಜೊತೆ ಕೊಟ್ಟ ಮೇಲೆ ಕೇಸು ಬಿಟ್ಟರು. ಐದು ತಿಂಗಳು ಹಿಡಿಯಿತು.

ನನ್ನ ಪ್ರಶ್ನೆ ಇಷ್ಟೇ. ನನ್ನ ಕಾರಿನಲ್ಲಿ ಡಿಜಿಟಲ್ ಪ್ಲೇಟ್ ಇದ್ದಿದ್ದರೆ ಇದು ತಪ್ಪುತ್ತಿತ್ತಾ?

ಮೂರನೇಗೇರು:
ಎಲ್ಲರಿಗೂ ಕಡ್ಡಾಯ ಆಗಿದ್ದರೆ ತಪ್ಪುತ್ತಿತ್ತು ಅನ್ನೋದೇ ನನ್ನ ವಾದ. ತಗಡನ್ನು ಯಾರು ಬೇಕಾದರೂ ಒತ್ತಿಸಿಕೊಳ್ಳಬಹುದು. ಪರದೆಗೆ ನಂಬರ್ ಕಳಿಸುವುದು ಸರ್ಕಾರದ ಸರ್ವರ್ ಮಾತ್ರ. ಕಳ್ಳನಿಗೆ ನಿಮ್ಮ ನಂಬರ್ ಸಿಗುವುದೇ ಇಲ್ಲ.

ಬೀಗದಕೈ:
ಇಲ್ಲೇ ಎಡವುತ್ತಿದ್ದೀರಿ. 2024ರಲ್ಲಿ ಐಒಆ್ಯಕ್ಟಿವ್ ಅನ್ನೋ ಸೆಕ್ಯುರಿಟಿ ಸಂಸ್ಥೆಯ ಜೋಸೆಪ್ ರೊಡ್ರಿಗೆಜ್ ಇದನ್ನೇ ಮಾಡಿ ತೋರಿಸಿದರು. ರಿವೈವರ್ ಪ್ಲೇಟ್ ಹಿಂದಿನ ಸ್ಟಿಕ್ಕರ್ ಕಿತ್ತು, ಒಳಗಿನ ಕನೆಕ್ಟರ್‌ಗೆ ಕೇಬಲ್ ಚುಚ್ಚಿ, ಕೆಲವೇ ನಿಮಿಷದಲ್ಲಿ ಫರ್ಮ್‌ವೇರ್, ಅಂದರೆ ಪ್ಲೇಟನ್ನು ನಡೆಸುವ ಒಳಗಿನ ಸಾಫ್ಟ್‌ವೇರ್, ಬದಲಾಯಿಸಿದರು. ಆಮೇಲೆ ಫೋನಿನಿಂದ ಬ್ಲೂಟೂತ್ ಮೂಲಕ ಬೇಕಾದ ನಂಬರ್ ಬರೆಯಬಹುದು. ಟೋಲ್ ಗೇಟ್ ಮುಂದೆ ಒಂದು ನಂಬರ್, ದಾಟಿದ ಮೇಲೆ ಇನ್ನೊಂದು. ದೋಷ ಇದ್ದದ್ದು ಚಿಪ್ ಮಟ್ಟದಲ್ಲಿ. ಅಪ್‌ಡೇಟ್ ಕಳಿಸಿದರೆ ಹೋಗುವಂಥದ್ದಲ್ಲ, ಚಿಪ್ಪೇ ಬದಲಾಗಬೇಕು. ಆ ಹೊತ್ತಿಗೆ ಮಾರಾಟವಾಗಿದ್ದ ಪ್ಲೇಟ್ ಸುಮಾರು 65,000. ಒಂದು ದೇಶದಲ್ಲಿ ಕೋಟಿಗಟ್ಟಲೆ ಗಾಡಿಗೆ ಹಾಕಿದ ಮೇಲೆ ಇದು ಗೊತ್ತಾಗಿದ್ದರೆ? ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ.

ಇನ್ನು ಸರ್ವರ್ ಕಥೆ. 2023ರ ಜನವರಿಯಲ್ಲಿ ಸ್ಯಾಮ್ ಕರಿ ಅನ್ನೋ ಸೆಕ್ಯುರಿಟಿ ಸಂಶೋಧಕ ಮತ್ತು ಗೆಳೆಯರು ಬರೆದದ್ದು ಓದಿ. ಅದೇ ಕಂಪನಿಯ ವೆಬ್ ವ್ಯವಸ್ಥೆಯಲ್ಲಿ ಅವರಿಗೆ ಮಹಾ ಆಡಳಿತಗಾರನ ಅಧಿಕಾರವೇ ಸಿಕ್ಕಿತ್ತು. ಯಾರ ಗಾಡಿಯನ್ನು ಬೇಕಾದರೂ "ಕದ್ದದ್ದು" ಅಂತ ಗುರುತು ಮಾಡಬಹುದಿತ್ತು. ಗಾಡಿ ಎಲ್ಲಿದೆ ಅಂತ ನೋಡಬಹುದಿತ್ತು. ಕಂಪನಿ ಒಂದೇ ದಿನದಲ್ಲಿ ಸರಿ ಮಾಡಿತು, ಅದನ್ನು ಮೆಚ್ಚಬೇಕು. ಆದರೆ ನಿಧಾನಿಯವರಿಗೆ ಬಂದದ್ದು ದಂಡದ ನೋಟಿಸ್. ಅಂಥ ಅಧಿಕಾರ ಕೆಟ್ಟವನ ಕೈಗೆ ಸಿಕ್ಕಿದ್ದರೆ ಪೊಲೀಸರೇ ಅಡ್ಡ ಹಾಕುತ್ತಿದ್ದರು.

ತಗಡನ್ನು ನಕಲು ಮಾಡಲು ಒಬ್ಬ ಕಳ್ಳ ಒಂದೊಂದೇ ಮಾಡಬೇಕು. ಸರ್ವರ್ ಹಾಗಲ್ಲ.

ಹಿಂದಿನಸೀಟು:
ಗಾಡಿ ಎಲ್ಲಿದೆ ಅಂತ ನೋಡಬಹುದಿತ್ತು ಅಂದ್ರಾ? ಪ್ಲೇಟ್‌ಗೆ ಜಿಪಿಎಸ್ ಯಾಕೆ ಬೇಕು? ನಂಬರ್ ತೋರಿಸುವ ಕೆಲಸ ಕೊಟ್ಟರೆ ಹಿಂದೆ ಕೂತು ದಾರಿಯನ್ನೂ ಬರೆದುಕೊಳ್ಳುತ್ತಾ?

ಬೀಗದಕೈ:
ಅದೇ ಎಬಿ 984 ಕಾನೂನಿನಲ್ಲಿ ಇದಕ್ಕೆ ಉತ್ತರ ಇದೆ. ಸ್ವಂತ ಕಾರುಗಳ ಪ್ಲೇಟ್‌ನಲ್ಲಿ ಗಾಡಿಯ ಜಾಗ ಗುರುತಿಸುವ ತಂತ್ರಜ್ಞಾನ ಇರಬಾರದು ಅಂತ ಹೇಳಿದ್ದಾರೆ. ಕಂಪನಿಗಳ ವಾಹನಗಳಿಗೆ ಮಾತ್ರ ಅವಕಾಶ, ಅದಕ್ಕೂ ಕೆಲಸಗಾರರನ್ನು ಕೆಲಸದ ಹೊತ್ತಿನಾಚೆ ಹಿಂಬಾಲಿಸಬಾರದು ಅನ್ನೋ ಕಟ್ಟು. ಒಳ್ಳೇ ಕಾನೂನು. ಅಲ್ಲಿ ಜನ ಬೇಕಿದ್ದರೆ ತಗೊಳ್ಳುವ ಪ್ಲೇಟ್‌ಗೇ ಇಷ್ಟು ಬೇಲಿ ಹಾಕಿದ್ದಾರೆ ಅನ್ನೋದನ್ನು ಗಮನಿಸಿ. ಕಡ್ಡಾಯ ಮಾಡುವ ದೇಶ ಬೇಲಿಯನ್ನು ಮೊದಲು ಹಾಕಬೇಕು, ಪ್ಲೇಟ್ ಆಮೇಲೆ.

ಹಳೇಸ್ಪ್ಯಾನರ್:
ದುಡ್ಡಿನ ಮಾತು ಯಾರೂ ಎತ್ತಲಿಲ್ಲ. ಎಷ್ಟಂತೆ ಅದು?

ಮೂರನೇಗೇರು:
2022ರಲ್ಲಿ ಬ್ಯಾಟರಿಯಿಂದ ನಡೆಯುವ ಪ್ಲೇಟ್‌ಗೆ ತಿಂಗಳಿಗೆ 19.95 ಡಾಲರ್, 48 ತಿಂಗಳು ಕಟ್ಟಬೇಕಿತ್ತು. ದೇಶವೇ ಕೊಂಡರೆ ಖಂಡಿತ ಇಳಿಯುತ್ತದೆ.

ಹಳೇಸ್ಪ್ಯಾನರ್:
ಲೆಕ್ಕ ಹಾಕಿದೆ. 957 ಡಾಲರ್ ಚಿಲ್ಲರೆ. ನಂಬರ್ ತೋರಿಸೋಕೆ. ಹತ್ತರಲ್ಲಿ ಒಂದು ಪಾಲಿಗೆ ಇಳಿದರೂ ತಗಡಿನ ಹತ್ತಿರ ಬರಲ್ಲ. ಮತ್ತೆ ಅದು ಪ್ಲೇಟ್ ಅಲ್ಲ, ಬಾಡಿಗೆ. ಕಂತು ತಪ್ಪಿದರೆ ನಂಬರ್ ಹೋಗುತ್ತಾ ಅಂತ ಯಾರಾದರೂ ಕೇಳಿದ್ದೀರಾ?

ಕಡತಪ್ರೇಮಿ:
ತಡವಾಗಿ ಬಂದೆ, ಆದರೆ ಚರ್ಚೆ ಒಂದು ಜಾಗದಲ್ಲಿ ಸಿಕ್ಕಿಕೊಂಡಿದೆ ಅನ್ನಿಸಿತು. ನಂಬರ್ ಪ್ಲೇಟ್ ಹುಟ್ಟಿದ್ದು ಯಾಕೆ ಅಂತ ಸ್ವಲ್ಪ ಹಿಂದೆ ಹೋಗೋಣ. ಪ್ಯಾರಿಸ್ ಪೊಲೀಸರು 1893ರಲ್ಲಿ ಗಾಡಿಗೆ ಗುರುತಿನ ಫಲಕ ಬೇಕು ಅಂದರು. ನ್ಯೂಯಾರ್ಕ್‌ನಲ್ಲಿ 1901ರಲ್ಲಿ ಕಡ್ಡಾಯ ಮಾಡಿದಾಗ ಸರ್ಕಾರ ಪ್ಲೇಟ್ ಕೊಡಲಿಲ್ಲ. ಮಾಲೀಕರೇ ತಮ್ಮ ಹೆಸರಿನ ಮೊದಲಕ್ಷರಗಳನ್ನು ಮಾಡಿಸಿ ಹಾಕಿಕೊಳ್ಳಬೇಕಿತ್ತು. ಚರ್ಮದ ಮೇಲೂ ಹಾಕಿಕೊಂಡರು, ಮರದ ಮೇಲೂ ಹಾಕಿಕೊಂಡರು. ಯಾರದೋ ಗಾಡಿ ಯಾರಿಗೋ ಗುದ್ದಿ ಓಡಿದರೆ "ಯಾರದು" ಅಂತ ಕೇಳೋಕೆ ಒಂದು ಗುರುತು. ಅಷ್ಟೇ ಅದರ ಕೆಲಸ. ಪ್ಲೇಟ್ ಪ್ರಶ್ನೆ, ಉತ್ತರ ಇರುವುದು ಕಚೇರಿಯ ಪುಸ್ತಕದಲ್ಲಿ.

ಈಗ ಆ ಪುಸ್ತಕ ಡೇಟಾಬೇಸ್ ಆಗಿದೆ. ಡಿಜಿಟಲ್ ಆಗಬೇಕಾದದ್ದು ಆಗಲೇ ಆಗಿದೆ ಅಲ್ವಾ?

ಬ್ರಿಟನ್ ನೋಡಿ. ಅಲ್ಲಿ 1921ರಿಂದ ಗಾಜಿನ ಮೇಲೆ ತೆರಿಗೆ ಕಟ್ಟಿದ್ದಕ್ಕೆ ಒಂದು ದುಂಡನೆ ಕಾಗದ ಅಂಟಿಸಬೇಕಿತ್ತು. 2014ರ ಅಕ್ಟೋಬರ್ 1ರಂದು ಅದನ್ನು ಕಿತ್ತುಹಾಕಿದರು. ಪರದೆ ಹಾಕಲಿಲ್ಲ. ಏನನ್ನೂ ಹಾಕಲಿಲ್ಲ. ಕ್ಯಾಮೆರಾ ನಂಬರ್ ಓದುತ್ತದೆ, ತೆರಿಗೆ ಕಟ್ಟಿದೆಯಾ ಅಂತ ಡೇಟಾಬೇಸ್ ಹೇಳುತ್ತದೆ. "ನೋಂದಣಿ ಮುಗಿದಿದೆ" ಅಂತ ಗಾಡಿ ತಾನೇ ಕೂಗಿಕೊಳ್ಳುವ ಅಗತ್ಯ ಎಲ್ಲಿ?

ಮೂರನೇಗೇರು:
ಆ ಬಿಲ್ಲೆ ತೆಗೆದ ಮೇಲೆ ತೆರಿಗೆ ತಪ್ಪಿಸುವವರು ಜಾಸ್ತಿ ಆದರು ಅಂತ ಓದಿದ ನೆನಪು.

ಕಡತಪ್ರೇಮಿ:
ಹೌದು, ಮುಚ್ಚಿಡಲ್ಲ. ಅಲ್ಲಿನ ರಸ್ತೆ ಸಮೀಕ್ಷೆಯಲ್ಲಿ 2013ರಲ್ಲಿ ಶೇ 0.6 ಗಾಡಿಗಳು ತೆರಿಗೆ ಕಟ್ಟಿರಲಿಲ್ಲ, 2017ಕ್ಕೆ ಶೇ 1.8 ಆಯಿತು. ಕಣ್ಣೆದುರು ಕಾಗದ ಇದ್ದರೆ ಜನಕ್ಕೆ ತಾರೀಖು ನೆನಪಿರುತ್ತದೆ. ನಿಮ್ಮ ವಾದಕ್ಕೆ ಒಂದು ಅಂಕ ಕೊಟ್ಟೆ. ಆದರೆ ಆ ನೆನಪಿಗೆ ಒಂದು ಫೋನ್ ಸಂದೇಶ ಸಾಕು. ಬಂಪರ್ ಮೇಲೆ ಪರದೆ ಬೇಡ.

ಇನ್ನೊಂದು ಉದಾಹರಣೆ ಇದಕ್ಕಿಂತ ಚೆನ್ನಾಗಿದೆ. ಟೆಕ್ಸಸ್‌ನಲ್ಲಿ ಹೊಸ ಗಾಡಿಗೆ ಡೀಲರ್ ಕಾಗದದ ತಾತ್ಕಾಲಿಕ ಪ್ಲೇಟ್ ಪ್ರಿಂಟ್ ಮಾಡಿ ಕೊಡುತ್ತಿದ್ದ. ಡೀಲರ್ ವೇಷ ಹಾಕಿದವರು ಸರ್ಕಾರದ ಆನ್‌ಲೈನ್ ವ್ಯವಸ್ಥೆಗೆ ಲಾಗಿನ್ ಪಡೆದು, ಅಲ್ಲಿಂದ ಪ್ಲೇಟ್ ಹೊರಡಿಸಿ ಮಾರಿದರು. ಎಷ್ಟೋ ಪ್ಲೇಟ್ ನೋಡೋಕೆ ಮಾತ್ರವಲ್ಲ, ದಾಖಲೆಯಲ್ಲೂ ಅಸಲಿ. ಕೊನೆಗೆ 2023ರಲ್ಲಿ ಕಾನೂನು ಮಾಡಿ, 2025ರ ಜುಲೈ 1ರಿಂದ ಕಾಗದ ನಿಲ್ಲಿಸಿದರು. ಅದರ ಬದಲು ಏನು ಕೊಟ್ಟರು? ಲೋಹದ ಪ್ಲೇಟ್.

ಬೀಗದಕೈ:
ಇದು ಗೊತ್ತಿರಲಿಲ್ಲ. ಬರೆದಿಟ್ಟುಕೊಂಡೆ.

ಇಂಕುಮಸಿ:
ನೆಟ್‌ವರ್ಕ್ ಬಗ್ಗೆ ಒಂದು ಮಾತು ಬಿಟ್ಟುಹೋಯಿತು. ಅಮೆರಿಕದಲ್ಲಿ 2022ರಲ್ಲಿ ದೊಡ್ಡ ಕಂಪನಿಗಳು 3ಜಿ ನಿಲ್ಲಿಸಿದವು. ತುರ್ತು ಕರೆ ಸೇವೆ 3ಜಿ ಮೇಲೆ ಇದ್ದ ಎಷ್ಟೋ ಕಾರುಗಳಲ್ಲಿ ಆ ಸೇವೆ ಸತ್ತೇ ಹೋಯಿತು, ಕಾರು ಮಾತ್ರ ಚೆನ್ನಾಗಿತ್ತು. ಪ್ಲೇಟ್‌ಗೂ ಅದೇ ಗತಿ. ಗಾಡಿಯ ಆಯಸ್ಸಿನಲ್ಲಿ ನೆಟ್‌ವರ್ಕ್ ಒಂದೆರಡು ಸಲ ಬದಲಾಗುತ್ತದೆ.

ನಿಧಾನಿ:
ನನ್ನ ಪ್ರಶ್ನೆಗೆ ಉತ್ತರ ಇನ್ನೂ ಅರ್ಧ ಇದೆ. ಡಿಜಿಟಲ್ ಬೇಡ ಅಂದರೆ ನಕಲಿಗೆ ಏನು ಮಾಡೋದು? ಐದು ತಿಂಗಳು ನಾನು ಅಲೆದದ್ದು ತಮಾಷೆ ಅಲ್ಲ.

ಕ್ಯಾಮೆರಾಕಣ್ಣು:
ನಿಮ್ಮ ಕೇಸಿನಲ್ಲಿ ಮೊದಲ ನೋಟಿಸ್‌ಗೆ ನೀವು ತಕರಾರು ಎತ್ತಿದ ಕೂಡಲೇ ವ್ಯವಸ್ಥೆ ಆ ನಂಬರನ್ನು ಅನುಮಾನದ ಪಟ್ಟಿಗೆ ಹಾಕಬೇಕಿತ್ತು. ಒಂದೇ ನಂಬರ್ ಹತ್ತು ನಿಮಿಷದೊಳಗೆ ನೂರು ಕಿಲೋಮೀಟರ್ ದೂರದ ಎರಡು ಕ್ಯಾಮೆರಾದಲ್ಲಿ ಕಂಡರೆ ಎರಡರಲ್ಲಿ ಒಂದು ನಕಲಿ, ಅದಕ್ಕೆ ಪಂಡಿತರು ಬೇಡ. ಈ ಹೋಲಿಕೆ ಮಾಡುವ ಸಾಫ್ಟ್‌ವೇರ್ ಹೊಸದೇನಲ್ಲ. ಹಾಕಿಸಿಕೊಳ್ಳುವ ಇಲಾಖೆ ಬೇಕು, ಬಂದ ಅನುಮಾನವನ್ನು ಕೂತು ನೋಡುವ ಮನುಷ್ಯ ಬೇಕು. ಆ ಎರಡನೆಯದು ಪರದೆಗಿಂತ ದುಬಾರಿ ಅಂತ ಯಾರೂ ಇಡುವುದಿಲ್ಲ.

ಪ್ಲೇಟ್ ಮಾಡುವ ಜಾಗಕ್ಕೂ ಕಡಿವಾಣ ಬೇಕು. ಬ್ರೆಜಿಲ್‌ನವರು 2018ರಿಂದ ತಂದ ಹೊಸ ಪ್ಲೇಟ್‌ನಲ್ಲಿ ಒಂದು ಕ್ಯೂಆರ್ ಕೋಡ್ ಇದೆ. ಲೋಹದ್ದೇ, ಬ್ಯಾಟರಿ ಇಲ್ಲ. ಆ ತಗಡು ಎಲ್ಲಿಂದ ಬಂತು, ಯಾವ ಗಾಡಿಯದು ಅಂತ ಪೊಲೀಸರು ನಿಂತಲ್ಲೇ ನೋಡಬಹುದು. ಕೋಡನ್ನೂ ನಕಲು ಮಾಡಬಹುದು, ನಿಜ. ಆದರೆ ಕೋಡ್ ಒಂದು ಗಾಡಿ ಹೇಳಿ, ಎದುರಿಗೆ ಇನ್ನೊಂದು ನಿಂತಿದ್ದರೆ ಸಿಕ್ಕಿಬೀಳುತ್ತಾನೆ.

ನಿಧಾನಿ:
ಅವನು ನನ್ನದೇ ಮಾಡೆಲ್, ನನ್ನದೇ ಬಣ್ಣ ಹುಡುಕಿಕೊಂಡಿದ್ದನಲ್ಲ.

ಕ್ಯಾಮೆರಾಕಣ್ಣು:
ಹೌದು. ಆಗ ಚಾಸಿ ನಂಬರ್ ನೋಡಲೇಬೇಕು, ಗಾಡಿ ನಿಲ್ಲಿಸಲೇಬೇಕು. ಅದಕ್ಕೆ ಸುಲಭದ ದಾರಿ ನನ್ನ ಹತ್ತಿರ ಇಲ್ಲ.

ಹಿಂದಿನಸೀಟು:
ಇಷ್ಟೆಲ್ಲ ಓದಿದ ಮೇಲೆ ಸ್ವಿಟ್ಜರ್ಲೆಂಡ್ ನೆನಪಾಯಿತು. ಅಲ್ಲಿ ನಂಬರ್ ಗಾಡಿಯದ್ದಲ್ಲ, ಮಾಲೀಕನದ್ದು. ಎರಡು ಗಾಡಿಗೆ ಒಂದೇ ಜೊತೆ ಪ್ಲೇಟ್ ಇಟ್ಟುಕೊಂಡು, ಯಾವುದನ್ನು ಓಡಿಸುತ್ತಾರೋ ಅದಕ್ಕೆ ಸಿಕ್ಕಿಸಿಕೊಳ್ಳುವ ಅವಕಾಶವೂ ಇದೆ. ಕೈಯಲ್ಲಿ ಪ್ಲೇಟ್ ಹಿಡಿದುಕೊಂಡು ಕಾರಿನಿಂದ ಕಾರಿಗೆ ಹೋಗೋದು. ನಂಬರ್ ಬದಲಾಯಿಸುವ ಮೂರನೇಗೇರು ಆಸೆ ತಗಡಿನಲ್ಲೇ ಈಡೇರಿದೆ!

ಮೂರನೇಗೇರು:
ಸರಿ, ಸೋತೆ ಅನ್ನಲ್ಲ, ಜಾಗ ಬದಲಿಸಿದೆ ಅನ್ನಿ. ಕಂಪನಿಗಳ ವಾಹನಗಳಿಗೆ, ಬಾಡಿಗೆ ಗಾಡಿಗಳಿಗೆ ಬೇಕಿದ್ದವರು ಹಾಕಿಕೊಳ್ಳಲಿ. ಸಾವಿರ ಗಾಡಿಯ ನೋಂದಣಿ ಒಂದೇ ಕಡೆ ಕೂತು ನವೀಕರಿಸುವವರಿಗೆ ಅದು ನಿಜಕ್ಕೂ ಉಪಯೋಗ, ಆ ಮಾತನ್ನು ಬಿಡಲ್ಲ. ಎಲ್ಲರಿಗೂ ಕಡ್ಡಾಯ ಅನ್ನೋದನ್ನು ವಾಪಸ್ ತಗೊಂಡೆ. ಶೀರ್ಷಿಕೆ ಬದಲಾಯಿಸೋಣ ಅಂದರೆ ಇಲ್ಲಿ ಆಗುತ್ತಿಲ್ಲ.

ಹಳೇಸ್ಪ್ಯಾನರ್:
ಇರಲಿ ಬಿಡಿ. ನಿಧಾನಿಯವರೇ, ಆ ಹಿತ್ತಾಳೆ ಬೋಲ್ಟ್ ಇನ್ನೂ ಇದೆಯಾ?

ನಿಧಾನಿ:
ಇದೆ. ಕಳೆದ ವಾರ ಸರ್ವಿಸ್‌ಗೆ ಬಿಟ್ಟಾಗ ಹುಡುಗ "ಮೇಡಂ, ಎರಡೂ ಒಂದೇ ತರ ಹಾಕಿಬಿಡಲಾ" ಅಂತ ಕೇಳಿದ. ಮುಟ್ಟಬೇಡ ಅಂದೆ.